ಎಡಬದಿಯ ಬ್ರೇಕು

ಕಲಿಸುವವನ ಕಾರಿಗೆ ಎರಡು ಬ್ರೇಕು.
ಒಂದು ಕಲಿಯುವವರ ಕಾಲಿಗೆ,
ಇನ್ನೊಂದು ಎಡಬದಿಗೆ, ನನ್ನ ಭಯಕ್ಕೆ.
ಮೂವತ್ತೊಂದು ವರ್ಷ ಅದನ್ನು ಒತ್ತಿ ಒತ್ತಿ
ನನ್ನ ಬಲಗಾಲಿನ ಚಪ್ಪಲಿಯೇ ಮೊದಲು ಸವೆಯುತ್ತಿತ್ತು.

ಲೈಸೆನ್ಸು ಹೊಸದು ಮಾಡಿಸಲು ಹೋದೆ.
ಆರ್‌ಟಿಓ ಆಫೀಸಿನ ಹುಡುಗ, ನನ್ನ ಹತ್ತಿರವೇ ಕಲಿತವನು,
ಗೋಡೆಯ ಅಕ್ಷರ ಓದಿಸಿದ. ಬಲಗಣ್ಣು ಓದಲಿಲ್ಲ.
ತಲೆ ತಗ್ಗಿಸಿಕೊಂಡು ಹೇಳಿದ:
"ಮಾಸ್ತರ್, ಇನ್ನು ನಡೀರಿ."
ಹೊರಡಿ ಎಂದನೋ, ಕಾಲ್ನಡಿಗೆ ಎಂದನೋ.
ಎರಡೂ ಮಾಡಿದೆ.

ನಡೆದರೆ ಕೋಡಿಬಾಗ ಬೇರೆಯೇ ಊರು.
ಯಾರ ಮನೆಯಲ್ಲಿ ಬಂಗಡೆ, ಯಾರ ಮನೆಯಲ್ಲಿ ಜಗಳ
ಎಲ್ಲ ಮೂಗಿಗೆ, ಕಿವಿಗೆ.
ಗಟಾರದ ಮೇಲಿನ ಕಲ್ಲು ಎಲ್ಲಿ ಮುರಿದಿದೆ
ಎಂಬುದು ಹಿಮ್ಮಡಿಗೆ.
ಹೆದ್ದಾರಿ ಅಗಲವಾದ ಮೇಲೆ
ನಮ್ಮ ಓಣಿಗೆ ಎದುರಿನ ಓಣಿ ಪರದೇಶ.
ಆಚೆ ಬದಿಯ ಬೇಕರಿಯಿಂದ
ಪಾವಿನ ವಾಸನೆ ಬರುತ್ತದೆ,
ಪಾವು ಬರುವುದಿಲ್ಲ.

ಪಕ್ಕದ ಮನೆಯ ವಿಠೋಬ ಪೆಡ್ನೇಕರರು
ಅದಕ್ಕಾಗಿ ಕಾರು ತೆಗೆಯುತ್ತಾರೆ.
ತಿರುವು ಹುಡುಕಿ ಅತ್ತ, ಮತ್ತೆ ತಿರುವು ಹುಡುಕಿ ಇತ್ತ,
ನಾಲ್ಕು ಪಾವಿಗೆ ಐದು ಕಿಲೋಮೀಟರು.
ನಗಲಿಕ್ಕೆ ಬಾಯಿ ಬರಲಿಲ್ಲ.
ಆ ಅಂಗಳದಿಂದ ರಿವರ್ಸು ತೆಗೆಯುವುದನ್ನು
ಅವರಿಗೆ ಕಲಿಸಿದವನು ನಾನೇ.

ನನ್ನ ಶಾಲೆಯ ಬೋರ್ಡು ಇನ್ನೂ ಇದೆ, ಬಣ್ಣ ಹಾರಿ:
"ಕಾರವಾರದಲ್ಲಿ ಕಾರು, ಮೂರೇ ವಾರ!"
ರಿಜಿಸ್ಟರಿನಲ್ಲಿ ಎರಡು ಸಾವಿರದ ಮುನ್ನೂರ ಹದಿನೆಂಟು ಹೆಸರು.
ಕ್ಲಚ್ಚು ಕಲಿಸಿದೆ, ಗೇರು ಕಲಿಸಿದೆ,
ಏರಿನಲ್ಲಿ ಹಿಂದೆ ಜಾರದೆ ನಿಲ್ಲುವುದು ಕಲಿಸಿದೆ.
ಗಾಜಿನಾಚೆ ಬುಟ್ಟಿ ಹೊತ್ತು ನಿಂತವಳನ್ನು
"ಅಡಚಣೆ, ಹಾರ್ನ್ ಹೊಡಿ" ಎಂದು ಕಲಿಸಿದೆ.

ಅಡಚಣೆಯ ಹೆಸರು ತಾರಾಬಾಯಿ ದುರ್ಗೇಕರ್.
ದಿನಾ ಬೆಳಿಗ್ಗೆ ರಸ್ತೆಯಂಚಿನಲ್ಲಿ
ಅವಳು ಆ ಬದಿ ನೋಡುತ್ತ, ನಾನೂ ಆ ಬದಿ ನೋಡುತ್ತ.
ಅವಳ ಹೊತ್ತಿನ ಲೆಕ್ಕ ಗಡಿಯಾರದಲ್ಲಿಲ್ಲ,
ಬುಟ್ಟಿಯ ತಳದಿಂದ ತೊಟ್ಟಿಕ್ಕುವ ಐಸಿನಲ್ಲಿ.
ಎದುರಿಗೇ ಬಸ್ಸು ಬಂದು, ನಿಂತು, ಹೋಯಿತು.
"ನಿಮ್ಮ ಮಕ್ಕಳೇ ಮಾಸ್ತರ್" ಎಂದಳು,
ಸಾಲು ಕಾರುಗಳ ಕಡೆ ಗದ್ದ ಎತ್ತಿ.
ನನಗೆ ಸಂತಾನವಿಲ್ಲ. ಆದರೂ ಹೌದು ಎಂದೆ.

ಅರ್ಜಿ ಕೊಟ್ಟೆವು. ಅರ್ಜಿಗೆ ನಂಬರು ಕೊಟ್ಟರು.

ಮನೆಯ ಹಿಂದೆ ಅರ್ಧ ಚೀಲ ಸುಣ್ಣದ ಪುಡಿ ಉಳಿದಿತ್ತು,
ಮೈದಾನದಲ್ಲಿ ಎಂಟು ಬರೆಯುತ್ತಿದ್ದದ್ದು.
ನಸುಕಿನಲ್ಲಿ, ಲಾರಿಗಳು ವಿರಳವಾದಾಗ,
ಇಮ್ತಿಯಾಜ್ ಸೈಕಲ್ಲು ಅಡ್ಡ ಇಟ್ಟು ದೀಪ ಹಿಡಿದ.
ಬಂದರಿನ ಕೆಲಸಕ್ಕೆ ಅವನಿಗೆ ದಿನಾ ಇದೇ ದಾರಿ,
ದಾರಿಯೆಂದರೆ ಬಿಳಿ ಪಟ್ಟಿಗೂ ಗಟಾರಕ್ಕೂ ನಡುವಿನ ಒಂದು ಗೇಣು.
ನಾನು ಬಗ್ಗಿ ಗೆರೆ ಎಳೆದೆ.
ಹನ್ನೊಂದು. ಒಂದೂ ನೆಟ್ಟಗಿರಲಿಲ್ಲ, ಬಲಗಣ್ಣಿನ ಕೃಪೆ.

ಬೆಳಕಾಯಿತು. ಕಾರು ಬಂತು.
ನಿಂತಿತು.
ಹಿಂದಿನದೂ ನಿಂತಿತು.
ಟೆಸ್ಟಿನ ದಿನ ಬಿಳಿ ಗೆರೆ ಮುಟ್ಟಿದರೆ ಫೇಲು.
ಆ ಹೆದರಿಕೆ ಇವರ ಪಾದದಲ್ಲಿ
ಇಷ್ಟು ವರ್ಷ ಬದುಕಿತ್ತು, ನನಗೆ ಗೊತ್ತಿರಲಿಲ್ಲ.
ಗಾಜು ಇಳಿಸಿ ಒಬ್ಬಳು ಕೂಗಿದಳು:
"ಮಾಸ್ತರ್, ಪಾಸೋ ಫೇಲೋ?"
ಉತ್ತರ ಹೊಳೆಯುವಷ್ಟರಲ್ಲಿ ದಾಟಿಬಿಟ್ಟಿದ್ದೆ.

ಮಧ್ಯಾಹ್ನಕ್ಕೆ ಅರ್ಧ ಸುಣ್ಣ ಟೈರಿಗೆ, ಅರ್ಧ ಕಡಲ ಗಾಳಿಗೆ.
ಸಂಜೆ ಯಥಾಪ್ರಕಾರ.
ಚೀಲದಲ್ಲಿ ಇನ್ನು ನಾಲ್ಕು ನಸುಕಿಗಾಗುವಷ್ಟಿದೆ,
ಆಮೇಲಿನದು ಗೊತ್ತಿಲ್ಲ.

ಆದರೆ ಅಂದು ಬಸ್ಸು ಸಿಕ್ಕಿತು.
ಧಾರವಾಡದ ಕಡೆಯ ಕಂಡಕ್ಟರ್ ಬಸಲಿಂಗ
"ಬುಟ್ಟಿ ಹಿಂದ ಇಡಬೇ ಯವ್ವಾ, ಮಾಸ್ತರ ಬರ್ರಿ" ಎಂದ.
ತಾರಾಬಾಯಿಯ ಹೆಜ್ಜೆ ಮೆಟ್ಟಿಲ ಮೇಲೆ ಬೆಳ್ಳಗೆ ಬಿತ್ತು.
ಎಡಗಡೆ ಕಿಟಕಿಯ ಸೀಟು, ಹಳೆಯ ಜಾಗ.
ತಿರುವಿನಲ್ಲಿ ನನ್ನ ಬಲಗಾಲು ತನ್ನಷ್ಟಕ್ಕೆ
ಬಸ್ಸಿನ ತಗಡನ್ನು ಒತ್ತಿತು.
ಬಸ್ಸು ನಿಲ್ಲಲಿಲ್ಲ. ನಿಲ್ಲಬೇಕಾಗಿಯೂ ಇರಲಿಲ್ಲ.
ಕಾಲು ತೆಗೆದೆ.